ಕಣಗಿಲೆ: ಹೆಸರು ಒಂದು, ಗಿಡ ಮೂರು

ಮುಂಬಯಿಯಲ್ಲಿ ಹೂದೋಟವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಿಟಕಿಯ ಸರಳುಗಳೊಳಗಿನ ನಾಲ್ಕಾರು ಕುಂಡಗಳು, ಇಲ್ಲವೇ ಸೊಸೈಟಿಯ ಆವರಣಗೋಡೆಯ ಅಂಚಿನ ಒಂದು ಸಾಲು ಗಿಡಗಳು. ಊರಿನ ಹಿತ್ತಿಲಲ್ಲಿ ಕೇಳಿದ ಹೆಸರುಗಳು ನಮ್ಮ ನಾಲಗೆಯ ಮೇಲೆ ಉಳಿದಿವೆ. ಗಿಡ ಮಾರುವ ಮಾಲಿಯಾದರೋ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಬೇರೊಂದು ಹೆಸರು ಹೇಳುತ್ತಾನೆ. ಈ ಗೊಂದಲವು ಸೇವಂತಿಗೆಯ ವಿಷಯದಲ್ಲಾದರೆ ನಕ್ಕು ಬಿಡಬಹುದು. ಕಣಗಿಲೆಯ ವಿಷಯದಲ್ಲಿ ಹಾಗಲ್ಲ.

ಕಣಗಿಲೆಯೆಂದು ನಾವು ಕರೆಯುವ ಗಿಡಗಳು ಮೂರು. ಮೊದಲನೆಯದು ಬರಿಯ ಕಣಗಿಲೆ. ಸಂಸ್ಕೃತದ ಕರವೀರ, ಮರಾಠಿಯ ಕಣ್ಹೇರ್, ಸಸ್ಯಶಾಸ್ತ್ರದ ನೀರಿಯಂ ಒಲಿಯಾಂಡರ್. ಆಳೆತ್ತರವನ್ನು ಮೀರಿದ ಪೊದೆ. ಕತ್ತಿಯಂತೆ ನೀಳವಾದ ದಪ್ಪ ಎಲೆಗಳು ಸಾಮಾನ್ಯವಾಗಿ ಒಂದೇ ಗೆಣ್ಣಿನಲ್ಲಿ ಮೂರು ಮೂರಾಗಿ ಹೊರಡುತ್ತವೆ. ಬಿಸಿಲು, ಧೂಳು, ಹೊಗೆಗಳಿಗೆ ಅಂಜದುದರಿಂದ ಹೆದ್ದಾರಿಗಳ ನಡುವಿನ ಸಾಲುಗಳಲ್ಲಿ ಇದನ್ನು ನೆಡುವುದುಂಟು. ಎರಡನೆಯದು ಹಳದಿ ಕಣಗಿಲೆ. ಎಲೆ ಇನ್ನೂ ಕಿರಿದು, ಕೊಂಬೆಯ ಸುತ್ತ ಒಂದೊಂದಾಗಿ ಹೊರಡುವಂಥದು. ಹೂವು ಗಂಟೆಯಾಕಾರದ್ದು, ಕಾಯಿ ಮೂಲೆಗಳುಳ್ಳ ಹಸಿರು ಗುಂಡು. ಮೂರನೆಯದು ಕಾಶಿ ಕಣಗಿಲೆ ಅಥವಾ ನಿತ್ಯಪುಷ್ಪ, ಮರಾಠಿಯ ಸದಾಫುಲಿ. ಮೊಣಕಾಲೆತ್ತರದ ಮೆದುವಾದ ಗಿಡ. ಮೊಂಡು ತುದಿಯ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಹೂವಿಗೆ ಐದು ಚಪ್ಪಟೆ ದಳಗಳು. ಕಾಶಿಗೂ ಇದಕ್ಕೂ ನಂಟಿಲ್ಲ. ಇದರ ತೌರು ಮಡಗಾಸ್ಕರ್ ದ್ವೀಪ!

ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಮೊದಲಿನ ಎರಡರಲ್ಲಿ ಬೇರಿನಿಂದ ಹೂವಿನವರೆಗೆ ಎಲ್ಲ ಭಾಗಗಳಲ್ಲಿಯೂ ಹೃದಯದ ಬಡಿತವನ್ನು ಏರುಪೇರು ಮಾಡುವ ಗ್ಲೈಕೋಸೈಡ್ ಎಂಬ ವಿಷಗಳಿವೆ. ಹಳದಿ ಕಣಗಿಲೆಯ ಬೀಜವಂತೂ ಘೋರ. ಮೂರನೆಯದರ ಕಥೆ ಬೇರೆ. ಅದು ಮಧುಮೇಹಕ್ಕೆ ಮದ್ದೆಂಬ ಜನರ ನಂಬಿಕೆಯನ್ನು ಪರೀಕ್ಷಿಸಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರಿಗೆ ದೊರೆತದ್ದು ರಕ್ತದ ಬಿಳಿಕಣಗಳನ್ನು ತಗ್ಗಿಸುವ ವಸ್ತು. 1958ರಲ್ಲಿ ಅವರು ಪ್ರಕಟಿಸಿದ ಆ ವಿನ್‌ಬ್ಲಾಸ್ಟಿನ್ ಅರ್ಬುದರೋಗದ ಔಷಧವಾಯಿತು. ಇಂಥ ಎಲೆಯನ್ನು ಸಕ್ಕರೆ ಕಾಯಿಲೆಗೆಂದು ಬೆಳಗಾಗೆದ್ದು ಅಳತೆಯಿಲ್ಲದೆ ಅಗಿಯುವುದು ಸಲ್ಲದು. ಹೆಸರನ್ನು ಅರ್ಧ ಕೇಳಿ ಬರಿಯ ಕಣಗಿಲೆಯ ಎಲೆಯನ್ನೇ ಕಿತ್ತರಂತೂ ಪ್ರಾಣಕ್ಕೆ ಸಂಚಕಾರ.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಹಾಗೂ ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಬಾರದೆಂದು ವಿಧಿಸಿದವು. ಸುದ್ದಿಯನ್ನು ಓದಿದ ಕನ್ನಡಿಗನು ಅಶ್ವತ್ಥಕ್ಕೆ ಹೂವೆಲ್ಲಿಂದ ಬಂತೆಂದು ಬೆರಗಾದಾನು. ಮಲಯಾಳದ ಅರಳಿ ನಮ್ಮ ಕಣಗಿಲೆಯೇ. ಮಲಯಾಳಿ, ತಮಿಳು, ಗುಜರಾತಿ ನೆರೆಹೊರೆಯವರು ಒಂದೇ ಮಹಡಿಯಲ್ಲಿರುವ ಈ ನಗರದಲ್ಲಿ ಇಂಥ ಮಾತುಗಳನ್ನು ಎಚ್ಚರದಿಂದ ಕೇಳಬೇಕು.

ಹಾಗೆಂದು ಕಣಗಿಲೆಯನ್ನು ಕಡಿಯಬೇಕಾಗಿಲ್ಲ. ಮಕ್ಕಳಾಡುವ ಎಡೆಯಿಂದ ದೂರವಿಡಿ, ಕೊಂಬೆ ಸವರಿದ ಮೇಲೆ ಕೈ ತೊಳೆದುಕೊಳ್ಳಿ, ಊಟದ ಎಲೆಯ ಅಂಚಿಗೆ ಆ ಹೂವನ್ನು ಇರಿಸಬೇಡಿ. ಯಾರಾದರೂ ತಿಂದದ್ದು ತಿಳಿದರೆ ಮನೆಯಲ್ಲಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ, ಗಿಡದ ಒಂದು ಕುಡಿಯನ್ನೂ ಜೊತೆಗೆ ಒಯ್ದು ಆಸ್ಪತ್ರೆಗೆ ಧಾವಿಸುವುದು ಮೇಲು. ಆ ಕುಡಿಯು ವೈದ್ಯರಿಗೆ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ.

ಕಿಟಕಿಗೆ ನನ್ನ ಶಿಫಾರಸು ಕಾಶಿ ಕಣಗಿಲೆಯೇ, ತಿನ್ನಲಿಕ್ಕಲ್ಲ, ನೋಡಲಿಕ್ಕೆ. ನಾಲ್ಕೈದು ತಾಸು ಬಿಸಿಲು ಸಿಕ್ಕರೆ ವರ್ಷದ ಬಹುಭಾಗ ಹೂ ಬಿಡುತ್ತದೆ. ಕೆಂಪು ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ನೀರು ಬಸಿಯುವಂತೆ ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನಿಡಿ. ಬೇಸಗೆಯಲ್ಲಿ ಬದುಕಿದ ಗಿಡ ಆಷಾಢದ ಜಡಿಮಳೆಯಲ್ಲಿ ಬುಡ ಕೊಳೆತು ಸಾಯುವುದು ಇಲ್ಲಿ ಸಾಮಾನ್ಯ. ಜೂನ್ ಬಂದೊಡನೆ ಕುಂಡವನ್ನು ಸಜ್ಜದ ಕೆಳಗೆ ಸರಿಸಿಕೊಳ್ಳಬೇಕು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗೆ ಹರಡುವ ಸೊಳ್ಳೆಯು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುತ್ತದೆ. ತಟ್ಟೆಯನ್ನು ಬರಿದು ಮಾಡಿದರಷ್ಟೇ ಸಾಲದು. ಅಂಚಿಗಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ವಾರಕ್ಕೊಮ್ಮೆ ನಾರಿನಿಂದ ಉಜ್ಜಿ ತೊಳೆಯಬೇಕು.