ಉಬ್ಬುವ ಮೀನಿನ ಗುರುತು

ನಾನು ಕೆರೆಯ ನಾಡಿನವನು. ಚೆನ್ನೈಗೆ ಬರುವವರೆಗೆ ಕಡಲ ಮೀನನ್ನು ಹತ್ತಿರದಿಂದ ಕಂಡವನಲ್ಲ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕಾಶಿಮೇಡಿನ ಬಂದರನ್ನು ನೋಡಿದವರಿಗೆ ತಿಳಿದಿರಬಹುದು: ಬಲೆಯಿಂದ ಬೇರ್ಪಡಿಸಿ ಬದಿಗೆಸೆದ ಮೀನುಗಳ ನಡುವೆ ಚೆಂಡಿನಂತೆ ಊದಿಕೊಂಡ ಮೀನೊಂದು ಕಾಣುವುದುಂಟು. ತಮಿಳರು ಅದನ್ನು ಪೇತ್ತೈ ಎನ್ನುವರು.

ಇದರ ಕುಲವನ್ನು ತಿಳಿಯುವುದು ಸುಲಭ. ಬಾಯೊಳಗೆ ಮೇಲೆರಡು ಕೆಳಗೆರಡು, ಹೀಗೆ ನಾಲ್ಕೇ ಹಲ್ಲುಗಳು. ಅವು ಕೂಡಿ ಗಿಳಿಯ ಕೊಕ್ಕಿನಂತಾಗಿವೆ. ಹೊಟ್ಟೆಯ ಬಳಿ ರೆಕ್ಕೆಗಳಿಲ್ಲ. ಪಕ್ಕೆಲುಬುಗಳೂ ಇಲ್ಲವಾದುದರಿಂದ, ಬೆದರಿದಾಗ ನೀರನ್ನು ನುಂಗಿ ಉಬ್ಬಲು ಅಡ್ಡಿಯಿಲ್ಲ. ನೀರಿನಿಂದ ಹೊರತೆಗೆದರೆ ಗಾಳಿಯನ್ನು ನುಂಗಿಯೇ ಉಬ್ಬುತ್ತದೆ.

ಆದರೆ ಜಾತಿಯನ್ನು ಗುರುತಿಸುವುದೇ ಕಷ್ಟ. ಲ್ಯಾಗೊಸೆಫಾಲಸ್ ಎಂಬ ಗಣದ ಹಲವು ಮೀನುಗಳಿಗೆ ಹಸುರು ಕಲೆತ ಕಂದು ಬೆನ್ನು, ಬೆಳ್ಳಿಯ ಪಕ್ಕೆ, ಬಿಳಿಯ ಹೊಟ್ಟೆ. ಗ್ರೀಕರ ಮಾತಿನಲ್ಲಿ ಈ ಹೆಸರಿಗೆ ಮೊಲದ ತಲೆ ಎಂದರ್ಥ. ಹಲ್ಲನ್ನು ನೋಡಿದವರು ಒಪ್ಪಿಯಾರು. 1801ರಲ್ಲಿ ಬ್ಲಾಕ್ ಮತ್ತು ಷ್ನೈಡರ್ ಎಂಬ ಜರ್ಮನ್ ಪಂಡಿತರ ಗ್ರಂಥದಲ್ಲಿ ಒಂದು ಜಾತಿಗೆ 'ಲುನಾರಿಸ್', ಅಂದರೆ ಚಂದ್ರನ ಹೋಲಿಕೆಯದು, ಎಂದು ಹೆಸರಾಯಿತು. ಅದರ ಬಾಲದಂಚು ಬಿದಿಗೆಯ ಚಂದ್ರನಂತೆ ಒಳಬಾಗಿದೆ. ಆದರೂ ಬಾಲವೊಂದನ್ನೇ ನಂಬಲಾಗದು. ಬೆನ್ನಿನ ಮೇಲೆ ಕಣ್ಣಿಗೆ ಅಷ್ಟಾಗಿ ತೋರದ ಸಣ್ಣ ಮುಳ್ಳುಗಳಿವೆ. ಬಾಲದ ಕಡೆಯಿಂದ ತಲೆಯತ್ತ ಕೈಯಾಡಿಸಿದರೆ ಮರಳುಕಾಗದದಂತೆ ತೊಡರುತ್ತವೆ. ಲುನಾರಿಸ್‌ನಲ್ಲಿ ಈ ಮುಳ್ಳುಗಳು ತಲೆಯಿಂದ ಬೆನ್ನಿನ ರೆಕ್ಕೆಯ ಬುಡದವರೆಗೂ ಹಬ್ಬಿವೆ. 'ಸ್ಪ್ಯಾಡಿಸಿಯಸ್' ಎಂಬ ಅದರ ದಾಯಾದಿಯಲ್ಲಿ ಅವು ನಡುದಾರಿಯಲ್ಲೇ ನಿಂತುಬಿಡುತ್ತವೆ. ಮೂರನೆಯದು 'ಇನರ್ಮಿಸ್', ಎಂದರೆ ನಿರಾಯುಧ; ಅದರ ಬೆನ್ನು ನುಣುಪು, ಕಿವಿರಿನ ತೆರಪು ಕಪ್ಪು.

ಎರಡಂಗುಲ ಮುಳ್ಳಿಗೆ ಇಷ್ಟೊಂದು ವಿಚಾರವೇ ಎಂದು ನಗಬೇಡಿರಿ. ಈ ಕುಲದ ಅನೇಕ ಮೀನುಗಳ ವಿಷವು ಹೆಚ್ಚಾಗಿ ಪಿತ್ತಜನಕಾಂಗದಲ್ಲಿಯೂ ಮೊಟ್ಟೆಚೀಲದಲ್ಲಿಯೂ ಇರುವುದು. ಲುನಾರಿಸ್‌ನಲ್ಲಾದರೋ ಮಾಂಸವೂ ವಿಷವೇ. ಜಪಾನಿನಲ್ಲಿ ಅದನ್ನು ಸ್ಪ್ಯಾಡಿಸಿಯಸ್ ಎಂದು ಭ್ರಮಿಸಿ ಉಂಡು ಜನರು ವಿಷಕ್ಕೆ ಒಳಗಾದುದುಂಟು. ಟೆಟ್ರೊಡೊಟಾಕ್ಸಿನ್ ಎಂಬ ಈ ವಿಷವು ಬೇಯಿಸಿದರೂ ನಾಶವಾಗದು. ಅದು ನರಗಳಲ್ಲಿ ಸೋಡಿಯಂ ಹಾಯುವ ದ್ವಾರಗಳನ್ನು ಮುಚ್ಚುವುದರಿಂದ ಮೊದಲು ತುಟಿ ಜೋಮು ಹಿಡಿಯುತ್ತದೆ, ಬಳಿಕ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯುಗಳು. ಇದಕ್ಕೆ ಪ್ರತಿವಿಷವಿಲ್ಲ; ವಿಷವಿಳಿಯುವ ತನಕ ಆಸ್ಪತ್ರೆಯಲ್ಲಿ ಯಂತ್ರದಿಂದ ಉಸಿರಾಡಿಸುವುದೊಂದೇ ದಾರಿ. ಆದಕಾರಣ ಗುರುತಿಸಬಲ್ಲೆನೆಂಬ ಧೈರ್ಯದಿಂದ ಯಾರೂ ಇದನ್ನು ಅಡಿಗೆಮನೆಗೆ ಒಯ್ಯಬಾರದು. ಮುಟ್ಟಿ ನೋಡಿದವರು ಕೈ ತೊಳೆಯಬೇಕು.

1774ರಲ್ಲಿ ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಕ್ಯಾಪ್ಟನ್ ಕುಕ್ಕನಿಗೆ ಇಂತಹ ಮೀನೊಂದು ದೊರೆಯಿತು. ಅದರ ಚಿತ್ರ ಬರೆದು ವರ್ಣನೆ ಬರೆದುಕೊಳ್ಳುವಷ್ಟರಲ್ಲಿ ಹೊತ್ತಾಗಿ, ಪಿತ್ತಜನಕಾಂಗ ಮತ್ತು ಮೊಟ್ಟೆಯನ್ನು ಮಾತ್ರ ಬೇಯಿಸಿದರು. ಕುಕ್ಕನೂ ಫಾರ್ಸ್ಟರ್ ಎಂಬ ವಿಜ್ಞಾನಿಗಳಾದ ತಂದೆಮಕ್ಕಳೂ ಅದನ್ನು ಬರಿದೆ ರುಚಿ ನೋಡಿದರು. ಆ ರಾತ್ರಿಯೇ ಅವರ ಕೈಕಾಲುಗಳು ಶಕ್ತಿಗುಂದಿದವು. ಕುಕ್ಕನಿಗೆ ಭಾರವಾದ ವಸ್ತುವಿಗೂ ಹಕ್ಕಿಯ ಗರಿಗೂ ಭೇದ ತಿಳಿಯದಾಯಿತು. ಮೂವರೂ ಬದುಕಿದರು. ಕರುಳನ್ನು ತಿಂದ ಹಡಗಿನ ಹಂದಿಯೊಂದು ಬೆಳಗಾಗುವಾಗ ಸತ್ತು ಬಿದ್ದಿತ್ತು.