ಅಂಕೆ ತಪ್ಪಿದ ಜೀನ್

ಎಳೆ ಮಗುವಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ನೆಂಟರು ಕೇಳುವ ಮೊದಲ ಪ್ರಶ್ನೆ ‘ನಿಮ್ಮ ಮನೆತನದಲ್ಲಿ ಯಾರಿಗಿತ್ತು?’ ಎಂಬುದು. ಅದರ ಬೆನ್ನಿಗೇ ಬಸುರಿಯಾಗಿದ್ದಾಗ ತಾಯಿ ತಿಂದದ್ದು, ಗ್ರಹಣದ ಹೊತ್ತು ಹೊರಗೆ ಬಂದದ್ದು ಎಲ್ಲವೂ ವಿಚಾರಣೆಗೆ ಬರುತ್ತವೆ. ‘ಇದು ಜೀನ್‌ಗಳ ಕಾಯಿಲೆ’ ಎಂದು ವೈದ್ಯರು ಹೇಳಿದರಂತೂ ಗುಮಾನಿಗೆ ಮೊಹರು ಬಿದ್ದಂತೆಯೇ. ಆದರೆ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸುವ ನ್ಯೂರೋಬ್ಲಾಸ್ಟೋಮಾ ಎಂಬ ಗೆಡ್ಡೆಯನ್ನು ತೆಗೆದುಕೊಳ್ಳಿ: ಅದು ವಂಶದಿಂದ ಇಳಿದು ಬರುವುದು ನೂರಕ್ಕೆ 1–2 ಮಕ್ಕಳಲ್ಲಿ ಮಾತ್ರ.

ಉಳಿದವರಲ್ಲಿ ಆಗುವುದೇನು? ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಜೀನ್‌ಗಳ ಕಂತೆ ಒಂದೇ. ಅದರಲ್ಲಿ ಯಾವುದು ಯಾವಾಗ ಕೆಲಸಕ್ಕಿಳಿಯಬೇಕು, ಯಾವಾಗ ಸುಮ್ಮನಾಗಬೇಕು ಎಂಬುದನ್ನು ನಿಯಂತ್ರಕ ಪ್ರೋಟೀನುಗಳು ನಿರ್ಧರಿಸುತ್ತವೆ. ಭ್ರೂಣದ ಬೆನ್ನಿನ ಭಾಗದಿಂದ ಹೊರಟ ಕೆಲವು ಕೋಶಗಳು ಅಡ್ರಿನಲ್ ಗ್ರಂಥಿಯ ಒಳತಿರುಳು ಮತ್ತು ನರಗಂಟುಗಳಾಗಿ ಮಾಗಬೇಕು. ಆ ಹಾದಿಯಲ್ಲಿ ಫಾಕ್ಸ್2ಬಿ, ಹ್ಯಾಂಡ್2, ಗಾಟಾ3 ಎಂಬ ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತವೆ, ತಮ್ಮನ್ನೂ ತಾವೇ ಎಚ್ಚರವಾಗಿ ಇಟ್ಟುಕೊಳ್ಳುತ್ತವೆ. ಆರೋಗ್ಯವಂತ ಮಗುವಿಗೂ ಬೇಕಾದವೇ ಇವು. ಗೆಡ್ಡೆಯಲ್ಲಿ ಈ ಸುತ್ತು ನಿಲ್ಲುವುದೇ ಇಲ್ಲ. ಕೋಶ ಮಾಗದೆ, ಭ್ರೂಣದ ಹಂತದಲ್ಲೇ ಉಳಿದು ವಿಭಜನೆಯಾಗುತ್ತಾ ಹೋಗುತ್ತದೆ.

‘ಹಾಗಾದರೆ ಜೀನ್‌ನಲ್ಲಿ ಏನೂ ಬದಲಾಗಿಲ್ಲವೇ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಬದಲಾಗಿರುತ್ತದೆ. ಸುಮಾರು ಐದರಲ್ಲೊಂದು ಗೆಡ್ಡೆಯಲ್ಲಿ ಎಂವೈಸಿಎನ್ ಎಂಬ ಜೀನ್ ಎರಡು ಪ್ರತಿಗಳಲ್ಲಿ ಇರಬೇಕಾದ ಕಡೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪ್ರತಿಗಳಲ್ಲಿರುತ್ತದೆ. ಇದು 1983ರಲ್ಲೇ ಗೊತ್ತಾದ ಸಂಗತಿ. ಸಾಮಾನ್ಯವಾಗಿ ಆ ಜೀನ್‌ನ ಬರಹ ಸರಿಯಾಗಿಯೇ ಇರುತ್ತದೆ, ಅದರ ಪ್ರೋಟೀನು ಮಾತ್ರ ಮಿತಿಮೀರಿ ಉಕ್ಕಿ ಬೆಳವಣಿಗೆಯ ನೂರಾರು ಜೀನ್‌ಗಳನ್ನು ಕೆರಳಿಸುತ್ತದೆ. ಈ ಹೆಚ್ಚುವರಿ ಪ್ರತಿಗಳು ಹುಟ್ಟುವುದು ಗೆಡ್ಡೆಯ ಕೋಶದಲ್ಲೇ, ಅಪ್ಪ-ಅಮ್ಮನಲ್ಲಲ್ಲ.

ದೋಷ ಬರಹದಲ್ಲಿರುವುದಕ್ಕಿಂತ ಅಂಕೆಯಲ್ಲೇ ಹೆಚ್ಚಾಗಿದೆ ಎನ್ನಲು ನನಗೆ ಬಲವಾಗಿ ಕಾಣುವ ಸಾಕ್ಷಿ ಬೇರೆಯೇ. ಒಂದು ವರ್ಷ ತುಂಬದ ಕೆಲವು ಕೂಸುಗಳಲ್ಲಿ ಈ ಗೆಡ್ಡೆ, ಹರಡಿದ ಮೇಲೂ, ತಾನಾಗಿಯೇ ಕರಗುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮುಖ್ಯ ಚಿಕಿತ್ಸೆ ಮುಗಿದ ಬಳಿಕ ಕೊಡುವ ಐಸೋಟ್ರೆಟಿನಾಯಿನ್ ಎಂಬ ಔಷಧ, ಅಳಿದುಳಿದ ಕೋಶಗಳನ್ನು ಮಾಗುವ ದಾರಿಗೆ ತಳ್ಳುತ್ತದೆ. ಅದು ವಿಟಮಿನ್ ‘ಎ’ ಬಳಗಕ್ಕೆ ಸೇರಿದ್ದು ನಿಜ. ಹಾಗೆಂದು ಮನೆಯಲ್ಲೇ ವಿಟಮಿನ್ ಮಾತ್ರೆ ನುಂಗಿಸಲು ಹೋಗಬೇಡಿ. ವಿಟಮಿನ್ ‘ಎ’ ಮಿತಿಮೀರಿದರೆ ಯಕೃತ್ತಿಗೆ ವಿಷ.