ಸಂಬಳದ ವಾರ ಮತ್ತು ಬೀದಿಯ ವ್ಯಾಪಾರ

ಬೆಂಗಳೂರಿನ ಆರ್ಥಿಕತೆಯ ಮಾತು ಬಂದಾಗಲೆಲ್ಲ ನಾವು ಸಾಫ್ಟ್‌ವೇರ್ ರಫ್ತಿನ ಅಂಕಿಅಂಶಗಳನ್ನು ಮುಂದಿಡುತ್ತೇವೆ. ಮೈಸೂರು ರಸ್ತೆ, ಪೀಣ್ಯ, ಹೊಸೂರು ರಸ್ತೆಗಳ ಅಂಚಿನಲ್ಲಿ ಬೆಳಿಗ್ಗೆ ಊಟದ ಡಬ್ಬಿಯ ಚೀಲ ಹಿಡಿದು ಗುಂಪುಗುಂಪಾಗಿ ಸಾಗುವ ಹೆಣ್ಣುಮಕ್ಕಳು ಆ ಲೆಕ್ಕದೊಳಗೆ ಬರುವುದು ಅಪರೂಪ. ‘ಗಾರ್ಮೆಂಟ್ಸಿಗೆ ಹೋಗುವವರು’ ಎಂದು ಹೇಳಿ ನಗರ ಸುಮ್ಮನಾಗುತ್ತದೆ.

2016ರ ಏಪ್ರಿಲ್‌ನಲ್ಲಿ ಎರಡು ದಿನ ಮಾತ್ರ ಹಾಗೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಹೊಸ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು ಹೊಲಿಗೆ ಯಂತ್ರ ಬಿಟ್ಟು ಹೆದ್ದಾರಿಗೆ ಬಂದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಮುಂದೆ ನಿಂತು ಕರೆತಂದ ದೊಡ್ಡ ಮುಖಂಡರು ಯಾರೂ ಇರಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ವಾಹನಗಳು ಸುಟ್ಟವು. 19ರಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ನಿಯಮ ರದ್ದಾಯಿತೆಂದು ಪ್ರಕಟಿಸಿದರು. ಸಂಚಾರ ಅಸ್ತವ್ಯಸ್ತವಾದುದರ ಬಗ್ಗೆ ನಾವು ಮಧ್ಯಮ ವರ್ಗದವರು ಗೊಣಗಿದಷ್ಟು ಆ ಹಣದ ಬಗ್ಗೆ ವಿಚಾರಿಸಲಿಲ್ಲ. ನಮಗೆ ಪಿ.ಎಫ್. ಎಂದರೆ ಮುಪ್ಪಿನ ಆಸರೆ. ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯುವ, ನಲವತ್ತು ದಾಟುವುದರೊಳಗೆ ಬೆನ್ನು ಕಣ್ಣು ಸೋಲುವ ಹೆಣ್ಣಿಗೆ ಅದು ಮಗಳ ಕಾಲೇಜು ಶುಲ್ಕ, ಮನೆಯ ಭೋಗ್ಯದ ಹಣ, ಕೈಸಾಲದ ತೀರುವಳಿ.

ನಮ್ಮ ಬಡಾವಣೆಯ ಹಿಂಬದಿಯ ಬೀದಿಯಲ್ಲಿ ಇಂಥ ನೂರಾರು ಕುಟುಂಬಗಳು ಒಂದೊಂದು ಕೋಣೆಯಲ್ಲಿ ಬಾಡಿಗೆಗಿವೆ. ಅಲ್ಲಿನ ದಿನಸಿ ಅಂಗಡಿಯವರಿಗೆ ತಿಂಗಳೆಂದರೆ ಎರಡೇ ಭಾಗ: ಸಂಬಳದ ವಾರ, ಉಳಿದ ವಾರಗಳು. ಸಂಬಳದ ವಾರದಲ್ಲಿ ಉದ್ರಿ ಪುಸ್ತಕದ ಗೆರೆಗಳು ಹೊಡೆದುಹೋಗುತ್ತವೆ, ಚೀಟಿಯ ಕಂತು ಸಲ್ಲುತ್ತದೆ, ಭಾನುವಾರ ಮಾಂಸದಂಗಡಿಯ ಮುಂದೆ ಸಾಲು ಬೆಳೆಯುತ್ತದೆ, ಮಂಡ್ಯ ತುಮಕೂರಿನ ಕಡೆಯ ಊರುಗಳಿಗೆ ಒಂದಿಷ್ಟು ಹಣ ಹೋಗುತ್ತದೆ. ಹೆಚ್ಚು ಸಂಬಳದವನ ಕೈಗೆ ಬಂದ ಹೆಚ್ಚುವರಿ ಸಾವಿರ ರೂಪಾಯಿ ಷೇರು ಪೇಟೆಗೋ ವಿದೇಶ ಪ್ರವಾಸಕ್ಕೋ ಸೇರಬಹುದು. ಈಕೆಯ ಸಾವಿರ ಇಲ್ಲೇ, ಅರ್ಧ ಮೈಲಿಯೊಳಗೆ ನಾಲ್ಕು ಕೈ ಬದಲಾಯಿಸುತ್ತದೆ.

ಈ ಹಿನ್ನೆಲೆಯಲ್ಲಿ 2020ರ ತುಟ್ಟಿಭತ್ಯೆಯ ಪ್ರಕರಣವನ್ನು ನೋಡಬೇಕು. ಆ ಏಪ್ರಿಲ್‌ನಿಂದ ಕನಿಷ್ಠ ವೇತನದೊಂದಿಗೆ ಸೇರಬೇಕಿದ್ದ ಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಮುಂದಿಟ್ಟು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಹೀಗೆ ವಂಚಿತರಾದವರು 4 ಲಕ್ಷಕ್ಕೂ ಹೆಚ್ಚೆಂದು ವರ್ಕರ್ಸ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಅಂದಾಜಿಸಿತು. ಗುಣಿಸಿ ನೋಡಿದರೆ ತಿಂಗಳಿಗೆ 16 ಕೋಟಿ ರೂಪಾಯಿ ಮೀರುತ್ತದೆ. ಪೇಟೆಗಳು ಬಿಕೋ ಎನ್ನುತ್ತಿದ್ದ ಕಾಲದಲ್ಲಿ ಇಷ್ಟು ಹಣ ಬೀದಿಯ ವ್ಯಾಪಾರಕ್ಕೆ ತಲುಪಲಿಲ್ಲ. ವಿದೇಶಿ ಬ್ರ್ಯಾಂಡ್‌ಗಳಿಗೆ ಮುಜುಗರವಾದ ಮೇಲೆಯೇ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸಲು ಒಪ್ಪಿದವು. ನಮ್ಮ ಕಾರ್ಮಿಕ ಇಲಾಖೆಯ ನೋಟಿಸಿಗಿಂತ ಪರದೇಶದ ಖರೀದಿದಾರನ ಅಸಮಾಧಾನಕ್ಕೆ ಹೆಚ್ಚು ತೂಕವಿತ್ತೆಂಬುದು ಬೇರೆ ಮಾತು.

ಕೂಲಿ ಏರಿದರೆ ಕಾರ್ಖಾನೆಗಳು ನೆರೆರಾಜ್ಯಕ್ಕೋ ಬಾಂಗ್ಲಾದೇಶಕ್ಕೋ ಹೋಗುತ್ತವೆ ಎಂಬ ಎಚ್ಚರಿಕೆ ಹಳೆಯದು. ಅದರಲ್ಲಿ ಸತ್ಯಾಂಶ ಇಲ್ಲವೆನ್ನಲಾರೆ. ಖರೀದಿದಾರರು ಬೆಲೆಯನ್ನು ಹಿಂಡುವುದೂ ನಿಜವೇ. ಆದರೆ ಅಗ್ಗದ ಕೂಲಿಯನ್ನೇ ಬಂಡವಾಳವಾಗಿಸಿಕೊಂಡ ಕಾರ್ಖಾನೆ ಇನ್ನೂ ಅಗ್ಗದ ಜಾಗ ಸಿಕ್ಕಿದ ದಿನ ಹೇಗೂ ಹೊರಡುತ್ತದೆ. ನುರಿತ ಕೈಗಳು, ಬಂದರಿನ ದಾರಿ, ವಿದ್ಯುತ್ತು, ಹೊತ್ತಿಗೆ ಸರಿಯಾಗಿ ಮಾಲು ಸಾಗಿಸುವ ವ್ಯವಸ್ಥೆ, ಇವುಗಳ ಬಲದಿಂದ ನಿಂತ ಕಾರ್ಖಾನೆಗೆ ನಾಲ್ಕುನೂರು ರೂಪಾಯಿ ಊರು ಬಿಡಲು ಕಾರಣವಾಗದು.

2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಜಾರಿಯಾದಾಗ, ಮಹಿಳೆಯರ ಕೈಯಲ್ಲಿ ಉಳಿಯುವ ಹಣ ಸ್ಥಳೀಯ ಪೇಟೆಗೇ ಮರಳುತ್ತದೆಂದು ಸರ್ಕಾರವೇ ಸಮರ್ಥಿಸಿಕೊಂಡಿತು. ಬಸ್ಸಿನ ದರಕ್ಕೆ ಒಪ್ಪುವ ಆ ತರ್ಕ ಕೂಲಿಗೆ ಏಕೆ ಒಪ್ಪಬಾರದು? ಇದಕ್ಕೆ ಬೊಕ್ಕಸದಿಂದ ಹಣ ತೆರಬೇಕಾಗಿಯೂ ಇಲ್ಲ. ಐದು ವರ್ಷ ಮೀರದಂತೆ ಕನಿಷ್ಠ ವೇತನ ಪರಿಷ್ಕರಿಸಬೇಕೆಂದು 1948ರ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಪರಿಷ್ಕರಣೆಯ ಕಡತ ಆಯಾ ಗಡುವಿಗೆ ಸರಿಯಾಗಿ ಮೇಜಿಗೆ ಬರಲಿ. ಅದು ಜಾರಿಯಾಯಿತೇ ಎಂದು ಕಾರ್ಖಾನೆಯ ಗೇಟಿನೊಳಗೆ ಹೋಗಿ ನೋಡುವಷ್ಟು ನಿರೀಕ್ಷಕರೂ ಇಲಾಖೆಯಲ್ಲಿರಲಿ.